ವೈನ್, ಮೋನ್, ಗ್ರಂಬಲ್, ಗ್ರೈಪ್... ಇಂಗ್ಲಿಷಲ್ಲಿ ದೂರೋಕೆ ಯಾವ ಪದ ಎಲ್ಲಿ ಹಾಕ್ಬೇಕು? (ಸ್ವಲ್ಪ ಅರ್ಜೆಂಟು)

ಕಪ್ಪೆಗುಂಡಿ, ಮೂಡಿಗೆರೆ ಕಡೆ

ಎಲ್ರಿಗೂ ನಮಸ್ಕಾರ. ಒಂದು ಎಡವಟ್ಟು ಮಾಡ್ಕೊಂಡಿದೀನಿ ಮಾರಾಯ್ರೆ, ಇಂಗ್ಲಿಷ್ ಗೊತ್ತಿರೋರು ದಾರಿ ತೋರ್ಸಿ. ತೋಟದ ಮನೇಲಿ ಎರಡು ರೂಮು ಹೋಂಸ್ಟೇಗೆ ಬಿಟ್ಟಿದೀವಿ. ಹೋದ ವಾರ ಇಂಗ್ಲೆಂಡಿಂದ ಗಂಡ ಹೆಂಡ್ತಿ ಬಂದಿದ್ರು, ವಯಸ್ಸಾದೋರು, ಒಳ್ಳೆ ಜನ, ಕಡುಬು ಕೋಳಿಸಾರು ಹಾಕಿಸ್ಕೊಂಡು ಹಾಕಿಸ್ಕೊಂಡು ತಿಂದ್ರು. ಹೋಗಿ ಎರಡು ದಿನಕ್ಕೆ ರಿವ್ಯೂ ಹಾಕಿದಾರೆ, ಊಟ ಸೂಪರ್, ಜಾಗ ಸೂಪರ್, ಆದ್ರೆ ರಾತ್ರಿಯೆಲ್ಲ ಕಪ್ಪೆ ಸದ್ದಿಗೆ ನಿದ್ದೆ ಬರ್ಲಿಲ್ಲ ಅಂತ, ನಾಕು ಸ್ಟಾರು. ಮಳೆ ಹಿಡ್ದಿದೆ, ಗದ್ದೆ ಅಂಚಿನ ಮನೆ, ಕಪ್ಪೆ ಕೂಗ್ದೆ ಇನ್ನೆಂತ ಮಾಡ್ತಾವೆ.

ಇರ್ಲಿ, ಮರ್ಯಾದೆಯಾಗಿ ಉತ್ತರ ಕೊಡನ ಅಂತ ಕೂತೆ. ಕಂಪ್ಲೇಂಟ್ ಅಂತ ಬರೆದ್ರೆ ಪೊಲೀಸ್ ಸ್ಟೇಷನ್ ಥರ ಕೇಳುತ್ತಲ್ಲ, ಸ್ವಲ್ಪ ಮೆತ್ತಗಿನ ಪದ ಇರ್ಲಿ ಅಂತ ಮೊಬೈಲಲ್ಲಿ ಹುಡುಕಿದ್ರೆ ವೈನ್ ಅಂತ ತೋರಿಸ್ತು, ಚಿಕ್ಕದಾಗಿ ಚೆನ್ನಾಗಿದೆ ಅನ್ಸ್ತು. ಥ್ಯಾಂಕ್ಯೂ ಫಾರ್ ಯುವರ್ ವೈನಿಂಗ್, ವೀ ವಿಲ್ ಲುಕ್ ಇಂಟು ಇಟ್ ಅಂತ ಹಾಕ್ಬಿಟ್ಟೆ. ಇವತ್ತು ಬೆಳಗ್ಗೆ ನೋಡ್ತೀನಿ ನಾಕು ಸ್ಟಾರು ಎರಡಾಗಿದೆ. ಏನಾಯ್ತು ಇಲ್ಲಿ?

ಅರಸೀಕೆರೆ ಪ್ಯಾಸೆಂಜರ್

ಗುರೂ ನಾನು ಮೊದ್ಲು ಓದಿದಾಗ ಮನೇಲಿ ಮಾಡಿದ್ ದ್ರಾಕ್ಷಿ ವೈನ್ ಕೊಟ್ಟಿದೀಯ, ಅದಕ್ಕೆ ಥ್ಯಾಂಕ್ಸ್ ಹೇಳ್ತಿದೀಯ ಅನ್ಕೊಂಡೆ 😂 ಅದಾಗಿದ್ರೆ ಐದು ಸ್ಟಾರ್ ಗ್ಯಾರಂಟಿ ಇತ್ತು.

ಸೀಮೆಸುಣ್ಣ, ಹಾಸನ

ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದೋನು, ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳಿ.

ಕಪ್ಪೆಗುಂಡಿಯವರೇ, ನೀವು ಆ ಹಿರಿಯರಿಗೆ "ತಾವು ರೊಳ್ಳೆ ತೆಗೆದಿದ್ದಕ್ಕೆ ಧನ್ಯವಾದಗಳು, ಪರಿಶೀಲಿಸುತ್ತೇವೆ" ಅಂತ ಬರೆದಂಗಾಯ್ತು. ಎರಡು ಸ್ಟಾರಾದ್ರೂ ಉಳಿಸಿದಾರಲ್ಲ, ದೊಡ್ಡ ಮನಸ್ಸು.

ಕಂಪ್ಲೇನ್ ಅನ್ನೋದೇ ಇವೆಲ್ಲದ್ರಲ್ಲಿ ಮರ್ಯಾದಸ್ಥ ಪದ. ಹೇಳೋನು ಸರಿಯೋ ತಪ್ಪೋ ಅಂತ ಅದು ತೀರ್ಪು ಕೊಡಲ್ಲ, ಏನೋ ಸರಿ ಇಲ್ಲ ಅಂದ ಅನ್ನೋದಷ್ಟೇ. ಬೇರೆ ಪದಗಳಿಗೆ ಹೋದ ತಕ್ಷಣ ದೂರಿನ ಜೊತೆಗೆ ದೂರಿದೋನ ಬಗ್ಗೆ ನಿಮ್ಮ ಅಭಿಪ್ರಾಯಾನೂ ಅಂಟ್ಕೊಂಡು ಹೋಗುತ್ತೆ, ಅಲ್ಲೇ ನಮ್ಮೋರು ಎಡವೋದು. ವೈನ್ ಅಂದ್ರೆ ಮೂಗಲ್ಲಿ ಎಳೆಎಳೆದು ಹೇಳೋದು, ಮಕ್ಕಳು ಚಾಕ್ಲೇಟಿಗೆ ಮಾಡ್ತಾವಲ್ಲ ಹಂಗೆ. ಹಳೇ ಇಂಗ್ಲಿಷಲ್ಲಿ ಇದು ಮನುಷ್ಯರ ಸದ್ದೇ ಅಲ್ಲ, ಬಾಣ ಗಾಳಿ ಸೀಳ್ಕೊಂಡು ಹೋಗೋ ಸುಂಯ್ ಅನ್ನೋ ಸದ್ದು. ಈಗ್ಲೂ ಕಿವಿ ಹತ್ರ ಸೊಳ್ಳೆ ಬಂದ್ರೆ, ಹಳೇ ಮೋಟ್ರು ಓಡಿದ್ರೆ ಅದಕ್ಕೂ ವೈನ್ ಅಂತಾರೆ. ಅದರ ತಮ್ಮ ವಿಂಜ್, ಬ್ರಿಟನ್ನು ಆಸ್ಟ್ರೇಲಿಯಾದಲ್ಲಿ ಜಾಸ್ತಿ, ಆಸ್ಟ್ರೇಲಿಯಾದೋರು ಇಂಗ್ಲಿಷರನ್ನ ಕಿಚಾಯಿಸೋಕೆ ಇದನ್ನೇ ಬಳಸೋದು. ಅಂದ್ರೆ ನೀವು ಹುಡುಕಿ ಹುಡುಕಿ ಇಂಗ್ಲಿಷರಿಗೇ ಉರಿಯೋ ಜಾಗದಲ್ಲಿ ಮುಟ್ಟಿದೀರ.

ಗ್ರಂಬಲ್ ಅಂದ್ರೆ ನಮ್ಮ ಗೊಣಗೋದು, ತಗ್ಗಿದ ಗಂಟಲಲ್ಲಿ, ಯಾರಿಗೂ ನೇರ ಹೇಳ್ದೆ. ಕಾಫಿ ಬೆಳೆಗಾರರು ಕೂತಾಗ ಮಾಡೋದು ಇದೇ. ಹೂಮಳೆ ಬರ್ಲಿಲ್ಲ ಅಂತ ಗ್ರಂಬಲ್, ಬಂದ್ರೆ ಜಾಸ್ತಿ ಬಂತು ಅಂತ ಗ್ರಂಬಲ್, ರೇಟ್ ಬಿದ್ರೆ ಸರಿ, ಏರಿದ್ರೂ ನಾನು ಹೋದ ತಿಂಗ್ಳೇ ಮಾರ್ಬಿಟ್ಟೆ ಅಂತ ಗ್ರಂಬಲ್. ಮೋನ್ ಅಂದ್ರೆ ನಿಜವಾಗಿ ನೋವಲ್ಲಿ ನರಳೋದು, ಬ್ರಿಟನ್ನಲ್ಲಿ ಮಾತ್ರ ಹವಾಮಾನ, ಬಸ್ಸು, ಸರ್ಕಾರ ಎಲ್ಲದಕ್ಕೂ ಮೋನ್ ಮಾಡ್ತಾರೆ. ಕಾರ್ಪ್ ಅಂದ್ರೆ ಕೊಂಕು ಹುಡುಕೋದು, ನಮ್ಮ ಕೆರೆ ಕಾಟ್ಲಾ ರೋಹು ಮೀನಿಗೂ ಕಾರ್ಪ್ ಅಂತಾರೆ, ಎರಡಕ್ಕೂ ಸಂಬಂಧ ಇಲ್ಲ. ಗ್ರೌಸ್ ಅಂತ ಇನ್ನೊಂದಿದೆ, ಅದೂ ಗೊಣಗೋದೇ, ಬ್ರಿಟಿಷ್ ಸಿಪಾಯಿಗಳ ಬಾಯಿಂದ ಬಂದಿದ್ದು.

ಕೋರ್ಟ್ ಕಟ್ಟೆ

ಮೇಷ್ಟ್ರೇ ನಮಸ್ಕಾರ, ಮರ್ಯಾದಸ್ಥ ಅಂದ್ರಲ್ಲ, ಆ ಕಂಪ್ಲೇನ್ ಪದದ ಹುಟ್ಟು ನೋಡಿದ್ರೆ ಅದೂ ಅಷ್ಟೇನ್ ಮರ್ಯಾದಸ್ಥ ಅಲ್ಲ ಕಣ್ರೀ. ಲ್ಯಾಟಿನ್ ಪ್ಲಾಂಗೆರೆ ಅಂದ್ರೆ ಬಡಿಯೋದು, ದುಃಖದಲ್ಲಿ ಎದೆ ಎದೆ ಬಡ್ಕೊಳೋದು. ಅದರಿಂದ ಬಂದಿದ್ದು ಕಂಪ್ಲೇನ್. ಅದೇ ಬೇರಿಂದ ಪ್ಲೇಂಟ್, ಪ್ಲೇಂಟಿಫ್. ನಾವು ಸಿವಿಲ್ ಕೇಸಲ್ಲಿ ದಿನಾ ವಾದಿ ವಾದಿ ಅಂತ ಕೂಗ್ತೀವಲ್ಲ, ಮೂಲದಲ್ಲಿ ಅವನು ಎದೆ ಬಡ್ಕೊಳೋನು!

ನಮ್ಮಲ್ಲೂ ಅಷ್ಟೇ. ಎಫ್‌ಐಆರ್ ನೋಡಿ, ಫಿರ್ಯಾದಿ ಅಂತ ಬರೆದಿರ್ತಾರೆ. ಪಾರ್ಸಿ ಭಾಷೇಲಿ ಫರ್ಯಾದ್ ಅಂದ್ರೆ ಕಾಪಾಡ್ರಪ್ಪೋ ಅನ್ನೋ ಕೂಗು. ಜಮೀನು ಕೇಸಲ್ಲಿ ತಕರಾರು ಅಂತೀವಲ್ಲ, ಅರಬ್ಬೀಲಿ ಅದಕ್ಕೆ ಅರ್ಥ ಹೇಳಿದ್ದೇ ಹೇಳೋದು. ಇಪ್ಪತ್ತು ವರ್ಷದ ಪಾಲು ವಿಭಾಗದ ಕೇಸು ಹತ್ರದಿಂದ ನೋಡಿದೋನಿಗೆ ಇದಕ್ಕಿಂತ ಸರಿಯಾದ ಪದ ಸಿಗಲ್ಲ ಬಿಡಿ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಅಹವಾಲು ಕೂಡ ಅರಬ್ಬೀನೇ, ಹಾಲ್ ಅಂದ್ರೆ ಸ್ಥಿತಿ, ಅದರ ಬಹುವಚನ. ಹಾಲ್‌ಚಾಲ್ ಅಂತಾರಲ್ಲ ಅದೇ ಹಾಲು.

ಇನ್ನೊಂದು ಹೇಳ್ಬೇಕು, ಹ್ಯೂ ಅಂಡ್ ಕ್ರೈ ಅಂತ ಪೇಪರಲ್ಲಿ ಓದಿರ್ತೀರ, ದೊಡ್ಡ ಗದ್ದಲ ಎದ್ದಿತು ಅನ್ನೋಕೆ ಬಳಸ್ತಾರೆ. ಅದು ಬರೀ ಮಾತಲ್ಲ, ಕಾನೂನಾಗಿತ್ತು. 1285ರಲ್ಲಿ ಇಂಗ್ಲೆಂಡಲ್ಲಿ ಮೊದಲನೇ ಎಡ್ವರ್ಡ್ ಕಾಲದಲ್ಲಿ ವಿಂಚೆಸ್ಟರ್ ಶಾಸನ ಅಂತ ಬಂತು. ಕಳ್ಳತನ ಕಂಡೋನು ಕೂಗೆಬ್ಬಿಸ್ಬೇಕು, ಕೇಳಿದೋರೆಲ್ಲ ಕೂಗ್ತಾ ಕಳ್ಳನ ಹಿಂದೆ ಓಡ್ಬೇಕು, ಊರಿಂದ ಊರಿಗೆ. ಕಳ್ಳ ಸಿಗ್ಲಿಲ್ಲ ಅಂದ್ರೆ ಆ ಸೀಮೆಯೋರೇ ನಷ್ಟ ಕಟ್ಕೊಡ್ಬೇಕು. ಆ ಟೈಮಲ್ಲಿ ಇಲ್ಲಿ ಹಳೇಬೀಡಲ್ಲಿ ಹೊಯ್ಸಳರ ಮೂರನೇ ನರಸಿಂಹ ಆಳ್ತಿದ್ದ. ನಮ್ಮ ಊರೂರಲ್ಲಿ ವೀರಗಲ್ಲು ಇದಾವಲ್ಲ, ಕೆಳಗಡೆ ಪಟ್ಟಿಕೇಲಿ ಹಸು ಹೊಡ್ಕೊಂಡು ಹೋಗ್ತಿರೋರು, ಅಡ್ಡ ನಿಂತು ಬಡಿದಾಡ್ತಿರೋ ಒಬ್ಬ, ಮೇಲೆ ಅವನು ಸ್ವರ್ಗಕ್ಕೆ ಹೋಗೋದು. ತುರು ಹೋದಾಗ ಊರಲ್ಲಿ ಏಳ್ತಿದ್ದ ಕೂಗಿಗೆ ಹಳಗನ್ನಡದಲ್ಲಿ ಪುಯ್ಯಲ್, ಆಮೇಲೆ ಹುಯ್ಯಲು, ಈಗ ಹುಯಿಲು. ಇಂಗ್ಲಿಷ್ ಹ್ಯೂಗೂ ಇದಕ್ಕೂ ನಂಟೇನಿಲ್ಲ, ಆದ್ರೆ ಹಸು ಕಳ್ಕೊಂಡೋನ ಬಾಯಿಂದ ಎಲ್ಲಿ ಹೋದ್ರೂ ಹೂ ಅಂತ್ಲೇ ಬರೋದು ನೋಡಿ.

ಎರಡ್ಮಕ್ಕಳ ಅಮ್ಮ, ಚಿಕ್ಕಮಗಳೂರು

ಇಷ್ಟೆಲ್ಲ ಹೇಳಿದೀರ, ಗ್ರೈಪ್ ಬಿಟ್ಬಿಟ್ರಿ. ನಮ್ಮನೇಲಿ ಪಾಪು ಸಂಜೆ ಏಳಕ್ಕೆ ಶುರು ಮಾಡಿದ್ರೆ ಒಂಬತ್ತರ ತನಕ ರಚ್ಚೆ, ಅತ್ತೆ ಬಜೆ ತೇಯ್ತಿದ್ರು, ನಮ್ಮಮ್ಮ ಬಂದಾಗ ಗ್ರೈಪ್ ವಾಟರ್ ಬಾಟ್ಲು ತಂದ್ರು, ಇಬ್ರಿಗೂ ಅದೇ ಜಗಳ. ಆಗ ಬಾಟ್ಲಿ ಮೇಲಿನ ಗ್ರೈಪ್ ಅಂದ್ರೆ ದ್ರಾಕ್ಷಿ ಅಂತ್ಲೇ ತಿಳ್ಕೊಂಡಿದ್ದೆ. ಅಲ್ವಂತೆ! ಗ್ರೈಪ್ ಅಂದ್ರೆ ಹಿಡ್ಕೊಳೋದು, ಗ್ರಿಪ್ ಇದೆಯಲ್ಲ ಅದೇ ಮನೆತನ, ಹೊಟ್ಟೆ ಹಿಡ್ಕೊಂಡು ನುಲಿಯೋದು. ವುಡ್‌ವರ್ಡ್ ಅನ್ನೋರು 1851ರಲ್ಲಿ ಇಂಗ್ಲೆಂಡಲ್ಲಿ ಮಾಡಿದ್ದು ಆ ನೀರು. ಹೊಟ್ಟೆ ನುಲಿಯೋದ್ರಿಂದ ಒಳಗೊಳಗೇ ಸಂಕಟ, ಆಮೇಲೆ ಯಾವಾಗ್ಲೂ ಏನೋ ಒಂದು ಸಂಕಟ ಹೇಳ್ಕೊಳೋದಕ್ಕೂ ಗ್ರೈಪ್ ಅಂದ್ರು. ನಾವು ಹೊಟ್ಟೇಲಿ ಇಟ್ಕೊಂಡಿದ್ನ ಕಕ್ಕಿದ ಅಂತೀವಲ್ಲ, ಆ ಕಡೆಯದೇ.

ಅಳೋದಕ್ಕೂ ಅವರಲ್ಲಿ ಮೆಟ್ಲು ಮೆಟ್ಲು ಇದೆ, ನಂಗೆ ಮಗು ನೋಡ್ಕೊಂಡೇ ಅರ್ಥ ಆಗಿದ್ದು. ತುಟಿ ಉಬ್ಬಿಸಿ ಕುಂಯ್ ಅನ್ನೋದು ವಿಂಪರ್. ಮೂಗು ಸುರಿಸ್ಕೊಂಡು ಸೊರ್ ಸೊರ್ ಅನ್ನೋದು ಸ್ನಿವೆಲ್. ಬಿಕ್ಕೋದು ಸಾಬ್. ಬಾಯಿ ಇಷ್ಟಗಲ ತೆಗ್ದು ಕಿರುನಾಲಿಗೆ ಕಾಣೋ ಹಂಗೆ ಅಳೋದು ಬಾಲ್, ಆಟದ ಚೆಂಡಲ್ಲ ಇದು ಬೇರೆ ಬಾಲ್. ಗೋಳೋ ಅಂತ ಎಳ್ದು ಅಳೋದು ವೇಲ್, ಅದು ಮಕ್ಕಳಿಗಿಂತ ಸಾವಿನ ಮನೇದು. ಸಾವಿನ ಮನೇದಕ್ಕೇ ಅಂತ ಐರ್ಲೆಂಡೋರ ಭಾಷೆಯಿಂದ ಬಂದಿರೋದು ಕೀನ್, ಹೆಂಗಸರು ಕೂತು ಸತ್ತೋರ ಗುಣ ಹೇಳ್ಕೊಂಡು ಹಾಡಿ ಅಳೋದು. ನಮ್ಮಜ್ಜಿ ಕಾಲದಲ್ಲಿ ನಮ್ಮಲ್ಲೂ ಇತ್ತು, ಅಯ್ಯೋ ನನ್ನಪ್ಪ ಹೋದ್ಯಾ, ಕಣಜ ತುಂಬಿಸಿ ಹೋದ್ಯಾ ಅಂತ ರಾಗವಾಗಿ. ದೂರದಿಂದ ಬಂದೋರು ಬಾಗ್ಲಲ್ಲೇ ಶುರು ಮಾಡ್ತಿದ್ರು, ಒಳಗಿದ್ದೋರು ಅಲ್ಲಿಂದ ಎತ್ಕೊಳೋರು. ಈಗ ಯಾರೂ ಹಂಗೆ ಅಳಲ್ಲ.

ಆಮೇಲೆ ಒಂದು ವಿಷಯ, ನ್ಯಾಗ್ ಅನ್ನೋ ಪದಾನ ನೀವು ಗಂಡಸರ್ಯಾರೂ ಎತ್ಲಿಲ್ಲ ಯಾಕೆ? ಅದೇ ಮಾತು ಗಂಡ ಹೇಳಿದ್ರೆ ಕಂಪ್ಲೇನ್, ಹೆಂಡ್ತಿ ಹೇಳಿದ್ರೆ ನ್ಯಾಗ್.

ಸೀಮೆಸುಣ್ಣ, ಹಾಸನ

ತಪ್ಪಾಯ್ತು ತಾಯಿ, ನಮ್ಮನೆಯೋರೂ ಹಿಂದೆ ನಿಂತು ಓದಿ ನಗ್ತಿದಾರೆ. ನ್ಯಾಗ್ ಮೂಲದಲ್ಲಿ ಇಲಿ ಥರ ಕಡಿಯೋದು, ಕೊರೆಯೋದು, ಸ್ವೀಡನ್ ನಾರ್ವೆ ಕಡೆ ಭಾಷೆಗಳ ಪದ. ತಲೆ ಕೊರೀತಾನೆ ಅಂತ ನಾವೂ ಅಂತೀವಿ, ನಮ್ಮಲ್ಲಿ ಅದನ್ನ ಗಂಡಸರಿಗೂ ಅಂತೀವಿ ಅನ್ನೋದಷ್ಟೇ ಸಮಾಧಾನ. ಆದ್ರೆ ನೀವು ಹೇಳೋದು ನಿಜ, ಕನ್ನಡದಲ್ಲೂ ಗಂಡಸು ಗದರ್ತಾನೆ, ಹೆಂಗಸು ವಟವಟ ಅಂತಾಳೆ.

ಘಾಟಿ ಕೆಳಗೆ, ಸಕಲೇಶಪುರ

ನಮ್ ಕಡೆ ಕಂಪ್ಲೇಂಟಿಗಿಂತ ಕೂಗೇ ಮುಖ್ಯ ಕಣ್ರಪ್ಪಾ. ಆನೆ ಇದೆ ಅಂತ ಮೆಸೇಜ್ ಬತ್ತದೆ, ಅಷ್ಟೊತ್ತಿಗೆ ಅದು ಬಾಳೆ ಮುಗ್ಸಿ ಪಕ್ಕದ್ ತೋಟಕ್ಕೆ ಹೋಗಿರ್ತದೆ. ಒಂದ್ ರಾತ್ರಿ ನಾನು ನಮ್ ತೋಟದ ರೈಟ್ರು ಜೀಪಲ್ಲಿ ಬತ್ತಾ ಇದ್ವಿ, ತಿರುವಲ್ಲಿ ಹೆಡ್‌ಲೈಟಿಗೆ ಬರೀ ಕಪ್ಪು ಗೋಡೆ. ಗೋಡೆಗೆ ಕಿವಿ ಇತ್ತು. ರೈಟ್ರು ಬಾಯಿ ತೆಗ್ದ್ರು, ಸದ್ದೇ ಬರ್ಲಿಲ್ಲ, ಗಾಳಿ ಮಾತ್ರ ಬಂತು. ಇಂಗ್ಲಿಷಲ್ಲಿ ಸ್ಕ್ರೀಮ್, ಶ್ರೀಕ್, ಯೆಲ್ ಅಂತ ಎಷ್ಟೊಂದವೆ, ಆ ಗಾಳಿಗೆ ಏನಂತಾರೆ ಮೇಷ್ಟ್ರೇ? ಆನೆ ಘೀಳಿಟ್ಟು ಪಕ್ಕಕ್ಕೆ ಇಳೀತು, ಅದಕ್ಕೆ ಟ್ರಂಪೆಟ್ ಅಂತಾರೆ, ಮದುವೆ ಬ್ಯಾಂಡ್ ಸೆಟ್ಟಿಂದು. ಆದ್ರೆ ಭಯ ಬೀಳ್ಸೋದು ಅದಲ್ಲ, ಅದಕ್ಕೂ ಮುಂಚೆ ಎದೆಯೊಳಗೆ ಗುಂ ಅಂದಂಗಾಗದಲ್ಲ ಅದು. ಅದಕ್ಕೆ ರಂಬಲ್ ಅಂತಾರಂತೆ, ಅದರಲ್ಲಿ ಅರ್ಧ ನಮ್ ಕಿವಿಗೇ ಬೀಳಲ್ಲ, 20 ಹರ್ಟ್ಜ್‌ಗಿಂತ ಕೆಳಗೆ ಇರ್ತದೆ, ಆನೆ ಆನೆಗೆ ಕಿಲೋಮೀಟ್ರುಗಟ್ಟಲೆ ದೂರ ಕೇಳ್ತದೆ. 1984ರಲ್ಲಿ ಕೇಟಿ ಪೇಯ್ನ್ ಅನ್ನೋ ಅಮೆರಿಕದ ಹೆಂಗಸು ಝೂನಲ್ಲಿ ಆನೆ ಹತ್ರ ನಿಂತಾಗ ಗಾಳಿ ಅದುರಿದಂಗಾಗಿ ಅದನ್ನ ಕಂಡುಹಿಡಿದ್ರಂತೆ.

ಅರಸೀಕೆರೆ ಪ್ಯಾಸೆಂಜರ್

ಅಣ್ಣಾ ಜೀಪಲ್ಲಿ ನೀವು ಏನ್ ಮಾಡಿದ್ರಿ ಅಂತ ಹೇಳ್ಲೇ ಇಲ್ಲ 😄

ನಂದೂ ಒಂದು ಎಡವಟ್ಟು ಕೇಳಿ. ಬೆಂಗ್ಳೂರಲ್ಲಿ ಕೆಲಸಕ್ಕೆ ಸೇರಿದ್ ಹೊಸ್ದು, ಮ್ಯಾನೇಜರ್ ಎಲ್ರ ಮುಂದೆ ಚೆನ್ನಾಗಿ ಉಗಿದ್ರು. ಸಂಜೆ ಅಮೆರಿಕದ ಟೀಂನೋರ ಜೊತೆ ಕಾಲು, ಯಾಕೋ ಡಲ್ ಇದೀಯ ಅಂದ್ರು, ಮೈ ಮ್ಯಾನೇಜರ್ ಫೈರ್ಡ್ ಮೀ ಅಂದೆ. ಆ ಕಡೆ ಪಿನ್ ಡ್ರಾಪ್. ಒಬ್ಬಳು ಐ ಯಾಮ್ ಸೋ ಸಾರಿ ಅಂದ್ಲು, ಇನ್ನೊಬ್ಬ ನಿನ್ನ ಲ್ಯಾಪ್‌ಟಾಪ್ ಆಕ್ಸೆಸ್ ಇನ್ನೂ ಹೆಂಗಿದೆ ಅಂದ. ನಮ್ಮಲ್ಲಿ ಫೈರ್ ಮಾಡ್ದ ಅಂದ್ರೆ ಬೈದ ಅಂತ, ಅವರಿಗೆ ಅದು ಕೆಲಸದಿಂದ ಕಿತ್ತಾಕಿದ ಅಂತ. ಮಾರನೇ ದಿನ ಎಚ್ಚಾರಿಂದ ಫೋನು. ಬೈಸ್ಕೊಂಡಿದ್ದಕ್ಕಿಂತ ಅದನ್ನ ಬಿಡಿಸಿ ಹೇಳೋದ್ರಲ್ಲೇ ನನ್ ಹೆಣ ಬಿತ್ತು.

ಸೀಮೆಸುಣ್ಣ, ಹಾಸನ

ಘಾಟಿಯವರೇ, ಆ ಗಾಳಿಗೆ ಗ್ಯಾಸ್ಪ್ ಅನ್ನಬಹುದು, ಆದ್ರೆ ಅದು ಉಸಿರು ಒಳಗೆ ಎಳ್ಕೊಳೋದು. ನಿಮ್ಮ ರೈಟ್ರದ್ದು ಹೊರಗೆ ಬಂದಿರೋದ್ರಿಂದ ಅದಕ್ಕೆ ಕನ್ನಡದಲ್ಲೇ ಇರ್ಲಿ, ಬಾಯಿ ಬತ್ತಿ ಹೋಗೋದು.

ಪ್ಯಾಸೆಂಜರ್ ಹೇಳಿದ್ದಕ್ಕೆ ಸೇರಿಸ್ತೀನಿ. ಶೌಟ್ ಟು ಬೇರೆ ಶೌಟ್ ಅಟ್ ಬೇರೆ. ಗದ್ದೆ ಆಚೆ ಇರೋನಿಗೆ ಕೇಳ್ಲಿ ಅಂತ ಕೂಗಿದ್ರೆ ಟು, ಎದುರಿಗೇ ನಿಂತೋನ ಮೇಲೆ ಹಾರಾಡಿದ್ರೆ ಅಟ್. ನಮ್ಮ ಮಕ್ಕಳು ಎರಡೂ ಬಿಟ್ಟು ಟೀಚರ್ ಶೌಟೆಡ್ ಮೀ ಅಂತ ಬರೀತಿದ್ರು. ಕ್ರೈ ಪದಾನೂ ಅಷ್ಟೇ, ಮೊದಲು ಕೂಗೋದು ಅಂತ್ಲೇ ಇದ್ದಿದ್ದು, ಅಳೋದು ಅನ್ನೋ ಅರ್ಥ ಬಲವಾಗಿದ್ದು ಆಮೇಲೆ. ರೋಮನ್ನರ ವಾರೋ ಅನ್ನೋ ಪಂಡಿತನ ಪ್ರಕಾರ ಅದರ ಮೂಲ ಕ್ವಿರೀಟರೇ, ಅಂದ್ರೆ ರೋಮಿನ ನಾಗರಿಕರೇ ಬನ್ರೋ ಅಂತ ಕರೆಯೋದು. ಒಂದ್ಸಲ ಟೌನ್ ಕ್ರೈಯರ್ ಅನ್ನೋದನ್ನ ಕನ್ನಡಕ್ಕೆ ಮಾಡಿ ಅಂದೆ, ಡಂಗುರ ಸಾರೋನು ಅಂತ ಬರಬೇಕಿತ್ತು, ಹಿಂದಿನ ಬೆಂಚಿನ ಹುಡುಗ ಊರ ಅಳುಬುರುಕ ಅಂತ ಬರೆದಿದ್ದ. ಅರ್ಧ ಮಾರ್ಕು ಕೊಟ್ಟೆ.

ಫಿಲ್ಟರ್ ಕಾಫಿ

ಏನೇ ಹೇಳಿ ಇಂಗ್ಲಿಷ್ ಎಷ್ಟು ರಿಚ್ ಅಲ್ವಾ, ನಮ್ಮಲ್ಲಿ ಗಲಾಟೆ ಅಂದ್ರೆ ಎಲ್ಲದಕ್ಕೂ ಗಲಾಟೆ. ಅವರ ಹಲ್ಲಬಲೂ ಬೇರೆ ನಮ್ಮಿಂದ್ಲೇ ಕದ್ದಿರೋದು, ಹಲ್ಲಾಗುಲ್ಲಾ, ಗುಲ್ಲು ಅಂತ ಇದೆಯಲ್ಲ.

ಕೋರ್ಟ್ ಕಟ್ಟೆ

ಎರಡನ್ನೂ ಒಪ್ಪಲ್ಲ. ಹಲ್ಲಬಲೂ ಅವರ ಹಲೋ ಹಲೋ ಅನ್ನೋ ಕೂಗಿಗೇ ಪ್ರಾಸ ಹಾಕಿ ಮಾಡ್ಕೊಂಡಿರೋದು ಅಂತ ನಿಘಂಟಿನೋರು ಹೇಳ್ತಾರೆ, ಸದ್ದು ಹೊಂದಿದ ತಕ್ಷಣ ನಂಟಸ್ತಿಕೆ ಬೆಳಸ್ಬೇಡಿ. ಇನ್ನು ಬಡತನದ ಮಾತು. ಗಲಾಟೆ, ಗದ್ದಲ, ರಂಪ, ರಗಳೆ, ರಾದ್ಧಾಂತ, ಬೊಬ್ಬೆ, ಅಬ್ಬರ, ಆರ್ಭಟ, ಗುಲ್ಲು, ಹುಯಿಲು, ಇವು ಒಂದೇನಾ? ರಂಪಕ್ಕೆ ನೋಡೋಕೆ ಜನ ಬೇಕು, ರಗಳೆಗೆ ಬೇಡ. ಗುಲ್ಲು ಬಾಯಿಂದ ಬಾಯಿಗೆ ಹೋಗ್ಬೇಕು. ರಾದ್ಧಾಂತ ಒಬ್ಬನೇ ಎಬ್ಬಿಸ್ತಾನೆ, ಅನುಭವಿಸೋದು ಹತ್ತು ಜನ. ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ.

ಫಿಲ್ಟರ್ ಕಾಫಿ

ಸರಿ ಸಾರ್ ಸೋತೆ 🙏 ರಗಳೆ ಬೇಡ.

ಕಪ್ಪೆಗುಂಡಿ, ಮೂಡಿಗೆರೆ ಕಡೆ

ಅಬ್ಬ ಎಂತ ಜನ ನೀವು. ಕರೆಂಟ್ ಇರ್ಲಿಲ್ಲ, ಈಗ ಓದ್ದೆ ಎಲ್ಲ. ಕ್ಷಮೆ ಕೇಳಿ ಹೊಸ ಉತ್ತರ ಬರೀತಿದೀನಿ. ಕಪ್ಪೆ ಸದ್ದಿಗೆ ಏನ್ ಹಾಕ್ಲಿ, ನಾಯ್ಸಾ, ಸೌಂಡಾ, ಬೆಡ್ಲಂ ಅಂತಾನೂ ತೋರಿಸ್ತಿದೆ.

ಸೀಮೆಸುಣ್ಣ, ಹಾಸನ

ಬೆಡ್ಲಂ ಬೇಡವೇ ಬೇಡ! ಅದು ಲಂಡನ್ನಲ್ಲಿ 1247ರಲ್ಲಿ ಶುರುವಾದ ಬೆತ್ಲೆಂ ಅನ್ನೋ ಜಾಗದ ಹೆಸರು, ಆಮೇಲೆ ಹುಚ್ಚಾಸ್ಪತ್ರೆ ಆಯ್ತು, ಜನ ಅಲ್ಲಿಗೆ ರೋಗಿಗಳನ್ನ ನೋಡೋಕೆ ತಮಾಷೆಗೆ ಹೋಗ್ತಿದ್ರು. ಪ್ಯಾಂಡೆಮೋನಿಯಂ ಕೂಡ ಬೇಡ, ಅದು ಮಿಲ್ಟನ್ ಕವಿ 1667ರ ಕಾವ್ಯದಲ್ಲಿ ನರಕದ ರಾಜಧಾನಿಗೆ ಇಟ್ಟ ಹೆಸರು. ಹೋಂಸ್ಟೇಗೆ ಎರಡೂ ಹೊಂದಲ್ಲ.

ಸೌಂಡ್ ಅಂದ್ರೆ ಬರೀ ಸದ್ದು, ಬೇಡದ ಸೌಂಡು ನಾಯ್ಸ್. ಅವರಿಗೆ ನಾಯ್ಸ್, ನಿಮಗೆ ಸೌಂಡ್. ಡಿನ್ ಅಂತ ಒಂದಿದೆ, ನಿಲ್ದೆ ಕಿವಿಗೆ ಬಡಿಯೋ ಸದ್ದು, ನಮ್ಮ ಧ್ವನಿ ಪದಕ್ಕೆ ದೂರದ ಸಂಬಂಧಿ. ಲೌಡ್ ಕೂಡ ಹಂಗೇ, ಸಂಸ್ಕೃತದ ಶ್ರುತ ಇದೆಯಲ್ಲ, ಕೇಳಿಸಿದ್ದು ಅಂತ, ಎರಡೂ ಒಂದೇ ಬೇರಿನವು. ಒಂದು ಮನೇಲಿ ಶ್ರುತಿ ಆಯ್ತು, ಇನ್ನೊಂದು ಮನೇಲಿ ಲೌಡ್‌ಸ್ಪೀಕರ್ ಆಯ್ತು.

ಎರಡ್ಮಕ್ಕಳ ಅಮ್ಮ, ಚಿಕ್ಕಮಗಳೂರು

ಲೌಡ್‌ಸ್ಪೀಕರ್ ಅಂದ್ರಲ್ಲ ಸಾರ್, ನಮ್ಮ ಬೀದೀಲಿ ಹೋದ ತಿಂಗ್ಳು ರಾತ್ರಿ ಹನ್ನೊಂದೂವರೆಗೆ ಡಿಜೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರೋ ಕಡೆ ರಾತ್ರಿ ಹತ್ತರಿಂದ ಬೆಳಗ್ಗೆ ಆರು 45 ಡೆಸಿಬಲ್, ಹಗಲು 55. ಹೋಗಿ ಹೇಳಿದ್ದಕ್ಕೆ ಎಂಜಾಯ್ ಮಾಡಿ ಆಂಟಿ ಅಂದ್ರು. ಅಲ್ಲಿ ನಂಗೆ ಯಾವ ಪದಾನೂ ಬರ್ಲಿಲ್ಲ, ಇಂಗ್ಲಿಷೂ ಇಲ್ಲ ಕನ್ನಡಾನೂ ಇಲ್ಲ, ಪ್ಲಗ್ ಕಿತ್ತೆ.

ಘಾಟಿ ಕೆಳಗೆ, ಸಕಲೇಶಪುರ

ಅಕ್ಕಾ ನಿಮ್ನ ಆನೆ ಓಡ್ಸೋಕೆ ಕರ್ಸ್ಕೋಬೇಕು.

ಕಪ್ಪೆಗುಂಡಿ, ಮೂಡಿಗೆರೆ ಕಡೆ

ಹಾಕ್ದೆ ನೋಡಿ. ನೀವು ಹೇಳಿದ್ ಕಂಪ್ಲೇಂಟ್ ನ್ಯಾಯವಾದ್ದು, ನಾನು ತಪ್ಪು ಪದ ಬಳಸ್ದೆ, ಕ್ಷಮಿಸಿ, ಮುಂದಿನ ಸಲ ಗದ್ದೆ ಕಡೆ ಅಲ್ದೆ ಹಿಂದಿನ ರೂಮು ಕೊಡ್ತೀವಿ ಅಂತ ಇಂಗ್ಲಿಷಲ್ಲಿ. ಕೊನೇಲಿ ಒಂದು ಸಾಲು ಸೇರಿಸ್ಲಾ ಅಂತ, ಮಳೆ ನಿಂತಿದೆ, ದ ಫ್ರಾಗ್ಸ್ ಹ್ಯಾವ್ ಆಲ್ ಕ್ರೋಕ್ಡ್. ಕ್ರೋಕ್ ಅಂದ್ರೆ ವಟಗುಟ್ಟೋದು ತಾನೆ? ಕೂಗಿ ಮುಗಿಸಿದಾವೆ ಅಂತ.

ಸೀಮೆಸುಣ್ಣ, ಹಾಸನ

ಕೈ ಮುಗೀತೀನಿ ಆ ಸಾಲು ಹಾಕ್ಬೇಡಿ!! ಆಡುಮಾತಲ್ಲಿ ಕ್ರೋಕ್ ಅಂದ್ರೆ ಗೊಟಕ್ ಅನ್ನೋದು. ನಿಮ್ಮ ದೂರಿನಿಂದಾಗಿ ಕಪ್ಪೆಗಳೆಲ್ಲ ಸತ್ತಿವೆ ಅಂತ ಬರೆದಂಗಾಗುತ್ತೆ.

ಕಪ್ಪೆಗುಂಡಿ, ಮೂಡಿಗೆರೆ ಕಡೆ

ಅಯ್ಯೋ ರಾಮ. ತೆಗ್ದೆ ತೆಗ್ದೆ.

ಎಡಿಟ್: ಮಧ್ಯಾಹ್ನ ಆ ಅಜ್ಜ ಉತ್ತರ ಹಾಕಿದಾರೆ. ಮೂರು ಸ್ಟಾರಿಗೆ ಬಂದಿದೆ, ಇನ್ನೊಂದು ಕಡುಬಿನ ರೆಸಿಪಿ ಕಳಿಸಿದ್ರೆ ಕೊಡ್ತಾರಂತೆ. ಹೆಂಡ್ತಿ ಅಕ್ಕಿ ತರಿ ಅಳತೆ ಹೇಳ್ತಿದಾಳೆ, ಬರ್ಕೊಳನ ಅಂದ್ರೆ ಹೊರಗೆ ಮತ್ತೆ ಮಳೆ, ಈ ಕಪ್ಪೆ ಗಲಾಟೇಲಿ ಒಂದ್ ಮಾತೂ ಕೇಳಿಸ್ತಿಲ್ಲ.